ಊರು, ಕೇರಿ ಮತ್ತು ಹೊಸ ಮನೆ

ಬೆಂಗಳೂರಿನ ಕಾಟನ್‌ಪೇಟೆಯಲ್ಲಿ ವರ್ತಕರ ಅಂಗಡಿಗಳು ಎಷ್ಟು ಹಳೆಯವೋ ಹಮಾಲರ ದುಡಿಮೆಯೂ ಅಷ್ಟೇ ಹಳೆಯದು. 1884ರಲ್ಲಿ ಸ್ಥಾಪನೆಗೊಂಡು ಮುಂದೆ ಬಿನ್ನಿ ಮಿಲ್ಲೆಂದು ಹೆಸರಾದ ಗಿರಣಿ ಈ ಪೇಟೆಯ ಮಗ್ಗುಲಲ್ಲಿಯೇ ಇದ್ದಿತು. ಇಂದು ಗಿರಣಿಯಿಲ್ಲ, ಆ ನೆಲದಲ್ಲಿ ಬಹುಮಹಡಿಯ ವಸತಿಗಳು ಎದ್ದಿವೆ. ಬಡವ-ಬಲ್ಲಿದರ ಅಂತರ ಮಾತ್ರ ಅಳಿದಿಲ್ಲ. ಸಮಕಾಲೀನ ಕನ್ನಡ ಸಾಹಿತ್ಯವು ಈ ಅಂತರವನ್ನು ಕಂಡ ಬಗೆಯನ್ನು ಎರಡು ಕೃತಿಗಳಿಂದ ತಿಳಿಯಬಹುದು.

ಮೊದಲನೆಯದು ಡಾ. ಸಿದ್ಧಲಿಂಗಯ್ಯನವರ (1954–2021) ಆತ್ಮಕಥೆ ‘ಊರುಕೇರಿ’. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಜನಿಸಿದ ಅವರ ಬದುಕು ಬೆಂಗಳೂರಿನ ಶ್ರೀರಾಮಪುರದಲ್ಲಿ ರೂಪುಗೊಂಡಿತು. ಇಬ್ಬರು ಮನುಷ್ಯರು ಹೆಗಲಿಗೆ ನೊಗ ಹೊತ್ತು ಹೊಲ ಉಳುವುದನ್ನು ಬಾಲಕನೊಬ್ಬ ನೋಡುತ್ತಾನೆ. ಅವರಲ್ಲೊಬ್ಬ ಅವನ ತಂದೆಯೇ. ಇಂತಹ ಸಂಗತಿಗಳನ್ನೂ ಲೇಖಕರು ದ್ವೇಷವಿಲ್ಲದೆ, ನಗೆ ಬೆರೆಸಿ ಹೇಳುತ್ತಾರೆ. ಆ ನಗೆಯೇ ಓದುಗನ ನೆಮ್ಮದಿಯನ್ನು ಕಲಕುತ್ತದೆ.

ಎರಡನೆಯದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಇಕ್ಕಟ್ಟಾದ ಮನೆಯಲ್ಲಿ ಒಬ್ಬನ ಸಂಬಳದಿಂದ ಬದುಕುತ್ತಿದ್ದ ಬೆಂಗಳೂರಿನ ಕುಟುಂಬವೊಂದು ಮಸಾಲೆ ವ್ಯಾಪಾರದಿಂದ ಸಿರಿವಂತವಾಗುತ್ತದೆ. ಮನೆ ದೊಡ್ಡದಾಗುತ್ತದೆ, ಮನಸ್ಸು ಕಿರಿದಾಗುತ್ತದೆ. ಗಳಿಸುವ ಚಿಕ್ಕಪ್ಪನನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಉಳಿಯುವುದಿಲ್ಲ. ಅವನನ್ನು ಅರಸಿ ಅಡಿಗೆಯ ಡಬ್ಬಿಯೊಡನೆ ಬಾಗಿಲಿಗೆ ಬಂದ ಹೆಂಗಸನ್ನು ಮನೆಯ ಹೆಂಗಸರೇ ಅವಮಾನಿಸಿ ಅಟ್ಟುತ್ತಾರೆ. ಅದು ತಪ್ಪೆಂದು ನುಡಿದ ಸೊಸೆ ಎಲ್ಲರಿಗೂ ಬೇಡದವಳಾಗುತ್ತಾಳೆ.

ಒಂದು ಕೃತಿ ಬಡತನವನ್ನು ಕೇರಿಯ ಒಳಗಿನಿಂದ ತೋರಿಸಿದರೆ, ಇನ್ನೊಂದು ಸಿರಿತನವನ್ನು ನಡುಮನೆಯ ಒಳಗಿನಿಂದ ತೋರಿಸುತ್ತದೆ. ಮೊದಲನೆಯದನ್ನಷ್ಟೇ ಓದಿದರೆ ನಮ್ಮಲ್ಲಿ ಮರುಕ ಹುಟ್ಟೀತು. ಆದರೆ ಮರುಕಪಡುವವನು ತಾನು ಆ ಕಥೆಯ ಹೊರಗಿದ್ದೇನೆಂದೇ ಭಾವಿಸುತ್ತಾನೆ. ಎರಡನೆಯ ಕೃತಿ ಆ ಭ್ರಮೆಯನ್ನು ಕಳೆಯುತ್ತದೆ: ಅಸಮಾನತೆ ಕ್ರೂರಿಗಳಿಂದ ಮಾತ್ರವಲ್ಲ, ಸುಖ ಕೆಡಬಾರದೆಂದು ಮೌನವಾಗಿರುವ ಸಭ್ಯರಿಂದಲೂ ಉಳಿಯುತ್ತದೆ. ಆದ್ದರಿಂದ ಇವೆರಡನ್ನೂ ಜೊತೆಯಾಗಿ ಓದುವುದು ಲೇಸು.

ಹನ್ನೆರಡನೆಯ ಶತಮಾನದ ಶರಣರು ಕಾಯಕದಲ್ಲಿ ಮೇಲುಕೀಳನ್ನು ಒಪ್ಪಲಿಲ್ಲ. ದಾಸೋಹವೂ ಅವರಿಗೆ ಉಳ್ಳವನು ತೋರುವ ದಯೆಯಾಗಿರಲಿಲ್ಲ; ಸಮಾಜದಿಂದ ಪಡೆದುದನ್ನು ಸಮಾಜಕ್ಕೆ ಒಪ್ಪಿಸುವ ವಿನಯವಾಗಿತ್ತು. ಅವರ ವಾರಸುದಾರರೆಂದು ಹೇಳಿಕೊಳ್ಳುವ ನಾವು ಈ ಕೃತಿಗಳನ್ನು ಪರರ ಕಥೆಯೆಂದು ಓದುವಂತಿಲ್ಲ.

ನಮ್ಮ ಅಂಗಡಿಗೆ ವರ್ಷಗಟ್ಟಲೆ ಮೂಟೆ ಹೊತ್ತವನ ಹೆಸರು ನಮ್ಮ ಮಕ್ಕಳಿಗೆ ಗೊತ್ತೆ? ಮನೆಗೆಲಸಕ್ಕೆ ಬರುವ ತಾಯಿಗೆ ನಾವು ನೀರು ಕೊಡುವ ಲೋಟ ಯಾವುದು? ಪುಸ್ತಕ ಮುಚ್ಚಿದ ಮೇಲೆ ಈ ಪ್ರಶ್ನೆಗಳನ್ನು ಮನೆಮಂದಿಯೆಲ್ಲ ಕೂಡಿ ಕೇಳಿಕೊಂಡರೆ ಆ ಓದು ಸಾರ್ಥಕ.