ಬಸ್ಸಾರಿನ ಮೊದಲ ಪಾಠ

ಹೋಳಿಗೆ, ಪಾಯಸಗಳು ಹಬ್ಬಕ್ಕಾದರೆ, ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲಗಳ ಕಡೆ ನಿತ್ಯದ ಊಟಕ್ಕೆ ರಾಗಿಮುದ್ದೆ, ಬಸ್ಸಾರು. ಪಟ್ಟಣದಲ್ಲಿ ಬೆಳೆದ ಸೊಸೆ ಮೊದಲ ದಿನ ಎಡವುವುದು ಒಂದೇ ಕಡೆ: ಬೇಳೆ, ಸೊಪ್ಪು ಬೆಂದ ನೀರನ್ನು ಬಚ್ಚಲಿಗೆ ಚೆಲ್ಲಿಬಿಡುತ್ತಾಳೆ. ಚೆಲ್ಲಿದ್ದು ನೀರಲ್ಲ, ಸಾರು! ಬಸಿದ ಕಟ್ಟಿನಿಂದ ಆಗುವುದರಿಂದಲೇ ಅದು ಬಸ್ಸಾರು.

ತೊಗರಿಬೇಳೆ ಬೆರಳಿಗೆ ಮೆತ್ತಗಾಗಬೇಕು, ಕರಗಬಾರದು. ಆಗ ದಂಟಿನ ಸೊಪ್ಪು, ಉಪ್ಪು ಹಾಕಿ ಬೇಯಿಸಿ, ಕಟ್ಟನ್ನು ಬಸಿದಿಡಬೇಕು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆಗಳನ್ನು ತೆಂಗಿನತುರಿ, ಹುಣಿಸೆಹಣ್ಣುಗಳೊಡನೆ ರುಬ್ಬುವಾಗ ಬೆಂದ ಬೇಳೆಸೊಪ್ಪಿನ ಒಂದು ಹಿಡಿಯನ್ನೂ ಸೇರಿಸಬೇಕು; ಸಾರಿಗೆ ಮೈ ಬರುವುದು ಅದರಿಂದ. ಈ ಖಾರ ಕಟ್ಟಿನಲ್ಲಿ ಕುದಿದರೆ ಸಾರು. ಉಳಿದ ಬೇಳೆಸೊಪ್ಪಿಗೆ ಒಗ್ಗರಣೆ ಬಿದ್ದರೆ ಪಲ್ಯ. ಒಂದೇ ಪಾತ್ರೆಯಲ್ಲಿ ಎರಡು ಅಡಿಗೆ!

ದೂರದ ನೈಜೀರಿಯದಲ್ಲಿಯೂ ಕುಟ್ಟಿದ ಗೆಡ್ಡೆಯ ಮುದ್ದೆಯನ್ನು, ಕಲ್ಲಂಗಡಿ ಜಾತಿಯ ಬೀಜದಿಂದ ಮಾಡಿದ ‘ಎಗುಸಿ’ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುತ್ತಾರೆ. ಅಲ್ಲಿಯೂ ಇಲ್ಲಿಯೂ ಅಳತೆ ಇರುವುದು ಹಿರಿಯರ ಕೈಯಲ್ಲಿ. ಆ ಕೈ ದಣಿಯುವ ಮುನ್ನ ಕಿರಿಯರು ಪಕ್ಕದಲ್ಲಿ ನಿಂತು ಕಲಿಯದಿದ್ದರೆ ರುಚಿಯೂ ಅವರೊಡನೆಯೇ ಹೋದೀತು.

ತುತ್ತು ನುಂಗಿದ ಅತ್ತೆ, “ಇನ್ನೊಂದು ಸೌಟು ಬಡಿಸಮ್ಮ” ಎಂದರೆ ಸೊಸೆ ಗೆದ್ದಂತೆ.