ಫಾಕನೂರು ಅಂದರೆ ನಮ್ಮ ಬಾರ್ಕೂರು

ಮಾಲಿಕ್ ದೀನಾರರ ಹೆಸರು ಕೇಳದ ಬ್ಯಾರಿ ಮನೆ ಇರಲಿಕ್ಕಿಲ್ಲ. ಅವರ ತಂಡ ಕರಾವಳಿಯಲ್ಲಿ ಕಟ್ಟಿತೆಂದು ಹಿರಿಯರು ಹೇಳುವ ಹತ್ತು ಪಳ್ಳಿಗಳಲ್ಲಿ ಮಂಗಳೂರು ಬಂದರ್‌ನದ್ದು, ಕಾಸರಗೋಡಿನದ್ದು ನಮಗೆಲ್ಲ ಗೊತ್ತು. ಅದೇ ಪಟ್ಟಿಯಲ್ಲಿ ‘ಫಾಕನೂರು’ ಅಂತ ಇನ್ನೊಂದು ಹೆಸರಿದೆ. ಎಲ್ಲಿ ಅಂತ ಕೇಳಿದರೆ ಮಕ್ಕಳು ಬಿಡಿ, ನಾವೇ ತಡವರಿಸುತ್ತೇವೆ. ಅದು ನಮ್ಮ ಉಡುಪಿ ಜಿಲ್ಲೆಯ ಬಾರ್ಕೂರು!

ಇಂದು ಬ್ರಹ್ಮಾವರದಿಂದ ಒಳಗೆ ಹೋದರೆ ಗದ್ದೆ, ತೋಟ, ಸೀತಾ ನದಿ, ಕತ್ತಲೆ ಬಸದಿ ಸಿಗುತ್ತವೆ. ಆಳುಪರು ಇಲ್ಲಿಂದ ಆಳಿದ್ದರು. ವಿಜಯನಗರದ ಕಾಲದಲ್ಲಿ ಇದು ಬಾರಕೂರು ರಾಜ್ಯದ ಕೇಂದ್ರ. ಹಡಗು ಬರುತ್ತಿದ್ದ ಊರು ಅಂದರೆ ಈಗ ನಂಬಲಿಕ್ಕೇ ಕಷ್ಟ.

1342ರಲ್ಲಿ ದಿಲ್ಲಿ ಬಿಟ್ಟು ಚೀನಾಕ್ಕೆ ಹೊರಟ ಇಬ್ನ್ ಬತೂತ ದಾರಿಯಲ್ಲಿ ಇಲ್ಲಿ ಇಳಿದಿದ್ದರು. ಹೊಳೆಯ ಬದಿಯ ದೊಡ್ಡ ಊರು, ಕಬ್ಬು ಹೇರಳ ಎಂದು ಬರೆದಿದ್ದಾರೆ. ರಾಜ ಮುಸ್ಲಿಮನಲ್ಲ. ಆದರೂ ಊರಲ್ಲಿ ಖಾಝಿ, ಖತೀಬ್ ಇದ್ದರು, ಜುಮಾ ಪಳ್ಳಿ ಇತ್ತು. ದಾಟಿಹೋಗುವ ಹಡಗುಗಳೆಲ್ಲ ಇಲ್ಲಿ ಲಂಗರು ಹಾಕಿ ರಾಜನಿಗೆ ಕಾಣಿಕೆ ಕೊಡಬೇಕಿತ್ತು. ಅದಕ್ಕೆ ‘ಬಂದರಿನ ಹಕ್ಕು’ ಎಂದೇ ಹೆಸರು. ‘ಹಕ್ಕು’, ‘ಬಂದರು’ ಎರಡೂ ಇಂದಿಗೂ ನಮ್ಮ ಬಾಯಲ್ಲಿವೆ ನೋಡಿ.

ಹೊಗಳಿಕೆಯನ್ನಷ್ಟೇ ಆರಿಸಿ ಹೇಳುವುದು ಸರಿಯಲ್ಲ. ರಾಜನ ಯುದ್ಧನೌಕೆಗಳ ನಾಯಕ ಒಬ್ಬ ಮುಸ್ಲಿಮ್; ಆತ ಕೆಟ್ಟವನು, ಕಡಲಲ್ಲಿ ವ್ಯಾಪಾರಿಗಳನ್ನು ದೋಚುತ್ತಿದ್ದ ಅಂತಲೂ ಬತೂತ ಬರೆದಿದ್ದಾರೆ. ಒಳ್ಳೆಯವರು, ಕೆಟ್ಟವರು ಎಲ್ಲ ಕಡೆಯೂ ಇದ್ದರು ಅನ್ನುವುದೂ ಚರಿತ್ರೆಯೇ.

ಮುಂದೆ ಪೋರ್ಚುಗೀಸರ ಬಾಯಲ್ಲಿ ಊರು ‘ಬಾಕನೂರ್’ ಆಯಿತು. 16ನೇ ಶತಮಾನದ ಆರಂಭದಲ್ಲಿ ದುವಾರ್ತೆ ಬಾರ್ಬೋಸ ಇಲ್ಲಿಂದ ಹಡಗೇರಿ ಹೋಗುತ್ತಿದ್ದ ಅಕ್ಕಿಯ ಬಗ್ಗೆ ಬರೆದ. ಸಾಗಿಸುತ್ತಿದ್ದವರಲ್ಲಿ ಮುಸ್ಲಿಮರೂ ಇದ್ದರು, ಹಿಂದೂಗಳೂ ಇದ್ದರು. ‘ಬ್ಯಾರ’ ಅಂದರೆ ವ್ಯಾಪಾರ, ಅದರಿಂದಲೇ ‘ಬ್ಯಾರಿ’ ಎಂದು ಹಲವರು ಹೇಳುತ್ತಾರಲ್ಲ, ಆ ಮಾತಿಗೆ ಬಾರ್ಕೂರಿಗಿಂತ ಒಳ್ಳೆಯ ಹಿನ್ನೆಲೆ ಬೇಕೇ?

ಬತೂತ ನಾಲ್ಕು ಸಾಲು ಬರೆದಿಟ್ಟದ್ದಕ್ಕೆ ಆ ಪಳ್ಳಿ, ಆ ಖಾಝಿ ನಮಗೆ ಉಳಿದರು. ಬರೆಯದವರ ಕಥೆ ಅವರೊಂದಿಗೇ ಹೋಯಿತು. ನಮ್ಮ ಮನೆಗಳಲ್ಲೂ ಹಾಗೆಯೇ ಆಗುತ್ತಿದೆ. ಹಳೇ ಲೆಕ್ಕದ ಪುಸ್ತಕ, ಜಾಗದ ಪತ್ರ ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ನೋಡೋಣ. ಅಜ್ಜಿ ಹೇಳುವ ಹಡಗಿನ ಕಥೆಯನ್ನು ಮಕ್ಕಳು ಮೊಬೈಲಿನಲ್ಲಾದರೂ ಹಿಡಿದಿಡಲಿ. ಬಿಡುವಾದಾಗ ಅವರನ್ನು ಕರಕೊಂಡು ಬಾರ್ಕೂರಿಗೂ ಒಮ್ಮೆ ಹೋಗಿಬರೋಣ.