ಹೆಣಗಾಟದಲ್ಲಿ ‘ಹೆಣ’ವಿಲ್ಲ

ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಮನೆಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದುಂಟು: “ಎಷ್ಟು ಹೆಣಗಾಡಿದರೂ ಸಂಬಳ ಸಾಲದು.” ಶುಭಕಾರ್ಯದ ಮನೆಯಲ್ಲಿ ಇದೇ ಮಾತು ಬಾಯಿಂದ ಜಾರಿದರೆ ಮುಖ ಸಿಂಡರಿಸುವ ಹಿರಿಯರೂ ಇದ್ದಾರೆ. ಮೊದಲೆರಡು ಅಕ್ಷರಗಳು ಅವರ ಕಿವಿಗೆ ಅಮಂಗಳ. ಹೆಣದೊಡನೆ ಆಡುವುದೇ ಹೆಣಗಾಟವೆಂದು ಅರ್ಥ ಹೇಳುವ ವಿದ್ಯಾವಂತರಿಗೂ ಕೊರತೆಯಿಲ್ಲ.

ಪಾಪ, ಆ ಶಬ್ದ ನಿರಪರಾಧಿ! ‘ಹೆಣ’ಕ್ಕೆ ‘ಆಡು’ ಸೇರಿದ್ದಾದರೆ ನಡುವಿನ ಗಕಾರ ಎಲ್ಲಿಂದ ಬಂತು? ಇಲ್ಲಿರುವ ಧಾತು ‘ಹೆಣಗು’. ಹೋರು ಎಂಬುದು ಹೋರಾಡು ಆದಂತೆ ಹೆಣಗು ಹೆಣಗಾಡು ಆಗಿದೆ. ಹಳಗನ್ನಡದಲ್ಲಿ ಅದು ‘ಪೆಣಗು’. ಪಾಲ್ ಹಾಲಾದಂತೆ, ಪೂ ಹೂವಾದಂತೆ ಅದರ ಪಕಾರವೂ ಹಕಾರವಾಯಿತು. ಜಡೆ ಹೆಣೆಯುವ, ಬುಟ್ಟಿ ಹೆಣೆಯುವ ‘ಹೆಣೆ’ ಅದರ ಒಡಹುಟ್ಟು. ತೆಲುಗಿನ ‘ಪೆನಗು’, ತಮಿಳಿನ ‘ಪಿಣಂಗು’ ದಾಯಾದಿಗಳು. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ, ದ್ರಾವಿಡ ಶಬ್ದಗಳ ಮೂಲ ತಿಳಿಸುವ ಕೋಶದಲ್ಲಿ ಹೆಣದ ಕುಲವೇ ಬೇರೆ, ಹೆಣಗುವುದರ ಕುಲವೇ ಬೇರೆ.

ಒಂದರೊಡನೊಂದು ಹೆಣೆದುಕೊಳ್ಳುವುದೇ ಮೂಲಾರ್ಥ. ಗರಡಿಯಲ್ಲಿ ಕೈಗೆ ಕೈ, ಕಾಲಿಗೆ ಕಾಲು ತೊಡರಿಸಿ ನಿಂತ ಇಬ್ಬರು ಜಟ್ಟಿಗಳನ್ನು ನೆನೆಯಿರಿ; ಯಾವ ತೋಳು ಯಾರದೆಂದು ತಿಳಿಯದು. ಅದು ಹೆಣಗಾಟ. ಆದ್ದರಿಂದ ಈ ಮಾತಿಗೆ ಎದುರಾಳಿ ಬೇಕು, ಅದು ಮನುಷ್ಯನಾಗಲಿ, ಮೊಂಡು ಬೀಗವಾಗಲಿ. ಬರಿಯ ಭಾರಕ್ಕೆ ಇದು ಅಷ್ಟಾಗಿ ಒಪ್ಪದು. ಅದಕ್ಕೆ ‘ತಿಣುಕು’ ಇದೆ. ರಾಮಾಯಣ ಬರೆದ ಕವಿಗಳ ಹೊರೆಯಿಂದ ಭೂಮಿ ಹೊತ್ತ ಆದಿಶೇಷನೇ ಬಳಲಿದನೆಂದು ಹೇಳುವಾಗ ಕುಮಾರವ್ಯಾಸ ಆರಿಸಿಕೊಂಡದ್ದು ‘ತಿಣಿಕು’ ಎಂಬ ರೂಪವನ್ನೇ. ಇನ್ನು, ಬಿಡಿಸಿಕೊಳ್ಳುವ ಆಸೆಯಿಲ್ಲದೆ ವರ್ಷಗಟ್ಟಲೆ ಸೈರಿಸಿ ಸಾಗುವುದು ‘ಏಗುವುದು’. ಮುಂಗೋಪಿ ಗಂಡನೊಡನೆ ಹೆಂಡತಿ ಏಗುತ್ತಾಳೆ. (ಏಗುವವರು ತಾವೆಂದು ಗಂಡಂದಿರು ಆಕ್ಷೇಪಿಸಬಹುದು.)

ಈಗ ಮೂರರ ಜಾಗದಲ್ಲೂ ‘ಟೆನ್ಷನ್’ ಬಂದು ಕುಳಿತಿದೆ. ಗಣಿತದ ಪುಸ್ತಕ ಹಿಡಿದು ಸಪ್ಪಗಾದ ಬಾಲಕನಿಗೆ ಟೆನ್ಷನ್ ಎಂದರೆ ತಾಯಿಗೆ ತಿಳಿಯುವುದೇನು? ಪಾಠಗಳು ಅತಿಯಾಗಿ ತಿಣುಕುತ್ತಿದ್ದರೆ ಹೊರೆ ಇಳಿಸಬೇಕು. ಲೆಕ್ಕವೊಂದು ಕಗ್ಗಂಟಾಗಿ ಹೆಣಗುತ್ತಿದ್ದರೆ ಪಕ್ಕದಲ್ಲಿ ಕುಳಿತು ಗಂಟು ಬಿಡಿಸಬೇಕು. ಒಲ್ಲದ ಶಾಲೆಯಲ್ಲಿ ಮೌನವಾಗಿ ಏಗುತ್ತಿದ್ದರೆ? ಅದನ್ನು ಪುಸ್ತಕ ಮುಚ್ಚಿಸಿ, ಬಳಿಯಲ್ಲಿ ಕೂರಿಸಿಕೊಂಡು, ಹುಡುಗನನ್ನೇ ಕೇಳಬೇಕು.